ಮೇಷ್ಟ್ರು ಅನ್ಯಾಯ ಮಾಡಿದರೆ ಯಾರನ್ನು ಕೇಳಬೇಕು?

ಶಿಕಾರಿಪುರ ತಾಲ್ಲೂಕಿನ ತಾಳಗುಂದವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಶಿರಾಳಕೊಪ್ಪಕ್ಕೆ ಹತ್ತಿರದ ಊರು. ಅಲ್ಲಿನ ಪ್ರಣವೇಶ್ವರ ದೇವಾಲಯದ ಮುಂದಿರುವ 5ನೇ ಶತಮಾನದ ಶಾಸನಸ್ತಂಭ ಒಬ್ಬ ವಿದ್ಯಾರ್ಥಿಯ ಕಥೆ ಹೇಳುತ್ತದೆ. ಮಯೂರಶರ್ಮ ತನ್ನ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಪಡೆಯವನೊಂದಿಗೆ ಜಗಳವಾಯಿತು. ಅವಮಾನ ತಾಳಲಾರದೆ ಓದು ಬಿಟ್ಟು ಕತ್ತಿ ಹಿಡಿದ. ಕದಂಬ ರಾಜ್ಯದ ಆರಂಭವೇ ಅದು.

ಕಥೆ ಮೈ ನವಿರೇಳಿಸುವಂಥದು, ನಿಜ. ಆದರೆ ನಿಮ್ಮ ತೊಂದರೆ ಬೇರೆಯದು. ನಿಮಗೆ ಅನ್ಯಾಯ ಮಾಡಿದವರು ಯಾವುದೋ ದೂರದ ಸೈನಿಕರಲ್ಲ, ನಾಳೆ ಬೆಳಿಗ್ಗೆ ಮತ್ತೆ ಅದೇ ತರಗತಿಯಲ್ಲಿ ಪಾಠ ಮಾಡಬೇಕಾದ ಮೇಷ್ಟ್ರು. ನೀವೂ ಮತ್ತೆ ಅದೇ ಬೆಂಚಿನ ಮೇಲೆ ಕೂರಬೇಕು. ಹಾಗಿರುವಾಗ ಏನು ಮಾಡಬೇಕು?

ಇದಕ್ಕೆ ಒಳ್ಳೆಯ ಪಾಠ ಸಿಗುವುದು 1916ರ ಕಲ್ಕತ್ತೆಯಲ್ಲಿ. ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಇ. ಎಫ್. ಓಟನ್ ಜನವರಿಯಲ್ಲಿ ಮೊಗಸಾಲೆಯಲ್ಲಿ ನಡೆದು ಹೋಗುತ್ತಿದ್ದ ಕೆಲವು ವಿದ್ಯಾರ್ಥಿಗಳ ಮೇಲೆ ಕೈಮಾಡಿದರು. ತರಗತಿಯ ಪ್ರತಿನಿಧಿಯಾಗಿದ್ದ ಸುಭಾಷ್ ಚಂದ್ರ ಬೋಸ್ ವಿಷಯವನ್ನು ಪ್ರಿನ್ಸಿಪಾಲರ ಬಳಿಗೆ ಒಯ್ದರು. ಪರಿಹಾರ ಸಿಗಲಿಲ್ಲ. ಮರುದಿನ ವಿದ್ಯಾರ್ಥಿಗಳು ತರಗತಿಗಳಿಂದ ಹೊರಗುಳಿದರು. ಕಲ್ಲು ಬೀಳಲಿಲ್ಲ, ಯಾರ ಮೇಲೂ ಯಾರೂ ಕೈ ಎತ್ತಲಿಲ್ಲ. ಕೊನೆಗೆ ಓಟನ್ ಅವರೇ ವಿದ್ಯಾರ್ಥಿ ಪ್ರತಿನಿಧಿಗಳನ್ನು ಕರೆಸಿ ಮಾತನಾಡಿ ರಾಜಿ ಮಾಡಿಕೊಂಡರು. ಗೈರುಹಾಜರಾದವರಿಗೆ ಕಾಲೇಜು ವಿಧಿಸಿದ ದಂಡ ಮಾತ್ರ ಹಾಗೆಯೇ ಉಳಿಯಿತು. ಶಾಂತಿಯ ಹೋರಾಟಕ್ಕೂ ಒಂದಿಷ್ಟು ಬೆಲೆ ತೆರಬೇಕಾಗುತ್ತದೆ.

ಫೆಬ್ರವರಿಯಲ್ಲಿ ಮತ್ತೆ ಅಂಥದೇ ಘಟನೆ ನಡೆಯಿತು. ಈ ಬಾರಿ ಕೆಲವು ಹುಡುಗರು ಮೆಟ್ಟಿಲ ಬಳಿ ಓಟನ್ ಅವರನ್ನೇ ಹೊಡೆದರು. ಕಾಲೇಜು ಮುಚ್ಚಿತು, ವಿಚಾರಣಾ ಸಮಿತಿ ಬಂತು, ಬೋಸ್ ಕಾಲೇಜಿನಿಂದ ಹೊರಹಾಕಲ್ಪಟ್ಟರು. ಅವರಿಗೆ ಮತ್ತೆ ಕಾಲೇಜು ಸಿಕ್ಕಿದ್ದು 1917ರಲ್ಲಿ, ಸ್ಕಾಟಿಷ್ ಚರ್ಚ್ ಕಾಲೇಜಿನಲ್ಲಿ. ಓಟನ್ ವಿದ್ಯಾರ್ಥಿಗಳ ಮೇಲೆ ಏಕೆ ಕೈಮಾಡಿದರು ಎಂಬ ಮೂಲ ಪ್ರಶ್ನೆ ಹಿಂದೆ ಸರಿಯಿತು. ಓಟನ್ ಅವರನ್ನು ಹೊಡೆದವರು ಯಾರು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಒಂದೇ ಕಾಲೇಜು, ಅದೇ ಪ್ರಾಧ್ಯಾಪಕರು, ನಡುವೆ ಕೇವಲ ಒಂದು ತಿಂಗಳು. ವಿಜ್ಞಾನದ ಪ್ರಯೋಗದಲ್ಲಿ ಒಂದೇ ಒಂದು ಅಂಶವನ್ನು ಬದಲಿಸಿ ನೋಡುತ್ತೇವಲ್ಲ, ಬಹುಮಟ್ಟಿಗೆ ಹಾಗೆಯೇ ಇದೆ ಇದು.

ಈಗ ನಮ್ಮ ಕಡೆಗೆ ಬರೋಣ. ಸೊರಬದ ಒಂದು ಪ್ರೌಢಶಾಲೆಯನ್ನು ಊಹಿಸಿಕೊಳ್ಳಿ. ಹಳ್ಳಿಯ ಮಕ್ಕಳು ಬರುವುದಕ್ಕೆ ಇರುವುದು ಬೆಳಿಗ್ಗೆ ಒಂದೇ ಬಸ್ಸು. ಮಳೆಗಾಲದಲ್ಲಿ ಅದು ತಡವಾಗುತ್ತದೆ. ತಡವಾಗಿ ಬಂದವರನ್ನು ಒಬ್ಬ ಮೇಷ್ಟ್ರು ದಿನವೂ ಜಗಲಿಯಲ್ಲಿ ನಿಲ್ಲಿಸುತ್ತಾರೆ. ಪೇಟೆಯ ಹುಡುಗ ತಡವಾಗಿ ಬಂದರೆ ಒಳಗೆ ಬಿಡುತ್ತಾರೆ. ಅವರ ಮನೆಪಾಠಕ್ಕೆ ಹೋಗದವರಿಗೆ ಆಂತರಿಕ ಅಂಕ ಕಡಿಮೆ ಎಂಬ ಗುಮಾನಿಯೂ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ, ವಿಜ್ಞಾನದಂಥ ವಿಷಯಗಳ 100 ಅಂಕಗಳಲ್ಲಿ 20 ಶಾಲೆಯ ಕೈಯಲ್ಲೇ ಇರುವುದರಿಂದ ಇದು ಸಣ್ಣ ಮಾತಲ್ಲ. ಆ ಭಯದಿಂದಲೇ ಎಷ್ಟೋ ಮಕ್ಕಳು ಬಾಯಿ ಬಿಡುವುದಿಲ್ಲ.

ಇಲ್ಲಿ ಮೊದಲ ಕೆಲಸ ಘೋಷಣೆಯೂ ಅಲ್ಲ, ತರಗತಿಗೆ ಬೀಗ ಹಾಕುವುದೂ ಅಲ್ಲ. ಒಂದು ನೋಟ್ ಪುಸ್ತಕ ತೆರೆಯಿರಿ. ಪ್ರಯೋಗಶಾಲೆಯ ರೆಕಾರ್ಡಿನಲ್ಲಿ ವೀಕ್ಷಣೆ ಬೇರೆ, ತೀರ್ಮಾನ ಬೇರೆ ಎಂದು ನೀವು ಕಲಿತಿದ್ದೀರಿ. "ಮೇಷ್ಟ್ರಿಗೆ ನಮ್ಮನ್ನು ಕಂಡರಾಗದು" ಎಂಬುದು ತೀರ್ಮಾನ. "ಸೋಮವಾರ ಬಸ್ಸು 10.10ಕ್ಕೆ ಬಂತು, ನಾವು ಆರು ಮಂದಿ 11 ಗಂಟೆಯವರೆಗೆ ಹೊರಗೆ ನಿಂತೆವು, ಅದೇ ದಿನ 10.20ಕ್ಕೆ ಬಂದ ಇನ್ನೊಬ್ಬನನ್ನು ಒಳಗೆ ಕರೆದರು" ಎಂಬುದು ವೀಕ್ಷಣೆ. ಮೊದಲನೆಯದನ್ನು ಯಾರೂ ಸುಲಭವಾಗಿ ತಳ್ಳಿಹಾಕಬಹುದು. ಎರಡನೆಯದಕ್ಕೆ ಉತ್ತರ ಕೊಡಬೇಕಾಗುತ್ತದೆ. ಎರಡು ವಾರ ಹೀಗೆ ಬರೆದಿಟ್ಟರೆ ಇನ್ನೊಂದು ಲಾಭವಿದೆ: ಅನ್ಯಾಯ ನಿಜವಾಗಿ ನಡೆಯುತ್ತಿದೆಯೇ, ಅಥವಾ ಒಂದು ದಿನದ ಸಿಟ್ಟು ನಮ್ಮನ್ನು ಹಾಗೆ ಯೋಚಿಸುವಂತೆ ಮಾಡಿದೆಯೇ ಎಂಬುದು ನಿಮಗೇ ಗೊತ್ತಾಗುತ್ತದೆ.

ಆಮೇಲೆ ಇಬ್ಬರು ಮೂವರು ಸೇರಿ ಮೇಷ್ಟ್ರನ್ನೇ ಕಂಡು, "ಸಾರ್, ಬಸ್ಸು ತಡವಾದರೆ ನಾವೇನು ಮಾಡಬೇಕು?" ಎಂದು ಕೇಳಿ. ಬಹಳಷ್ಟು ಪ್ರಕರಣಗಳು ಇಲ್ಲಿಗೇ ಮುಗಿಯಬಲ್ಲವು ಎಂಬುದು ನನ್ನ ನಂಬಿಕೆ. ಮುಗಿಯದಿದ್ದರೆ ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಮನವಿ ಬರೆಯಿರಿ. ಒಬ್ಬನೇ ಸಹಿ ಮಾಡಿದರೆ ಅವನೊಬ್ಬನೇ ಕಣ್ಣಿಗೆ ಬೀಳುತ್ತಾನೆ. ಹದಿನೈದು ಮಂದಿ ಮಾಡಿದರೆ ಹಾಗಾಗದು. ಪೇಟೆಯ ಹುಡುಗರಲ್ಲೂ ನ್ಯಾಯ ತಿಳಿದವರಿರುತ್ತಾರೆ, ಅವರ ಸಹಿಯನ್ನೂ ಕೇಳಿ. ಮೊಬೈಲಿನಲ್ಲಿ ಮೇಷ್ಟ್ರ ವಿಡಿಯೋ ಹರಿಬಿಡುವುದು ಮಾತ್ರ ಬೇಡ. ಅದರಿಂದ ಓಟನ್ ಪ್ರಕರಣದ ಎರಡನೆಯ ಅಧ್ಯಾಯವೇ ಮತ್ತೆ ನಡೆದೀತು.

ಕಾನೂನು ಏನೆನ್ನುತ್ತದೆ? 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಅದರ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 28ನೇ ಕಲಂ ಪ್ರಕಾರ ಶಿಕ್ಷಕರು ಖಾಸಗಿ ಮನೆಪಾಠ ನಡೆಸುವಂತಿಲ್ಲ. 32ನೇ ಕಲಂ ಪ್ರಕಾರ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಜೊತೆಗೆ 24ನೇ ಕಲಮನ್ನೂ ಓದಿಕೊಳ್ಳಿ: ಶಿಕ್ಷಕರ ಮೇಲೆ ಶಿಸ್ತು ಕ್ರಮ ಕೈಗೊಳ್ಳುವ ಮೊದಲು ಅವರ ಮಾತನ್ನೂ ಕೇಳಬೇಕು. ನಿಮಗೆ ಬೇಕಾದ ನ್ಯಾಯ ಅವರಿಗೂ ಸಲ್ಲಬೇಕಲ್ಲವೇ?

ಕಾಲೇಜು ವಿದ್ಯಾರ್ಥಿಗಳಿಗೆ ದಾರಿ ಬೇರೆ. ಯುಜಿಸಿಯ 2023ರ ನಿಯಮಾವಳಿಯಂತೆ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಅದು ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅಲ್ಲಿಯೂ ತೃಪ್ತಿಯಾಗದಿದ್ದರೆ ಓಂಬುಡ್ಸ್‌ಪರ್ಸನ್ ಬಳಿಗೆ ಮೇಲ್ಮನವಿ ಹೋಗಬಹುದು. ಅಂಕದ ವಿಷಯದಲ್ಲಿ ಅನುಮಾನವಿದ್ದರೆ, ಪರೀಕ್ಷೆ ಬರೆದವರು ಮಾಹಿತಿ ಹಕ್ಕು ಕಾಯ್ದೆಯಡಿ ತಮ್ಮ ಉತ್ತರ ಪತ್ರಿಕೆಯನ್ನು ನೋಡಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಒಂದು ಎಚ್ಚರಿಕೆ. ಮೇಷ್ಟ್ರಾಗಲಿ ಇನ್ನಾರೇ ಆಗಲಿ ಮೈಮುಟ್ಟಿ ಅಸಭ್ಯವಾಗಿ ವರ್ತಿಸಿದರೆ ಈ ನೋಟ್ ಪುಸ್ತಕ, ಎರಡು ವಾರ, ಒಂದು ಪುಟದ ಮನವಿ ಯಾವುದೂ ಬೇಡ. ಅದೇ ದಿನ ಮನೆಯವರಿಗೆ ಹೇಳಿ, 1098ಕ್ಕೆ ಫೋನ್ ಮಾಡಿ. ಅದು 2012ರ ಪೋಕ್ಸೋ ಕಾಯ್ದೆಗೆ ಬರುವ ಅಪರಾಧ.

ಪ್ರಶ್ನೆ ಕೇಳಿದರೆ ಗುರುವಿಗೆ ಅಗೌರವ ಎನ್ನುವ ಹಿರಿಯರಿಗೆ ಬಳ್ಳಿಗಾವಿಯನ್ನು ತೋರಿಸಬಹುದು. ತಾಳಗುಂದದಿಂದ ಅದು ದೂರವಿಲ್ಲ. ಅಲ್ಲಿನ ಕೋಡಿಯ ಮಠವನ್ನು 12ನೇ ಶತಮಾನದ ಶಾಸನವೊಂದು ವರ್ಣಿಸುತ್ತದೆ. ಶೈವರ ಆ ಮಠದಲ್ಲಿ ನಡೆಯುತ್ತಿದ್ದ ಓದಿನ ಪಟ್ಟಿಯಲ್ಲಿ ವ್ಯಾಕರಣ, ನ್ಯಾಯ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನವೂ ಇದೆ. ತಮಗೆ ಒಪ್ಪಿಗೆಯಿಲ್ಲದ ಮತವನ್ನೂ ಓದಿಸುತ್ತಿದ್ದ ಗುರುಗಳಿಗೆ ಶಿಷ್ಯರ ಪ್ರಶ್ನೆ ಹೊಸದಾಗಿರಲಾರದು.

ಮನವಿ ಶಾಲೆಯಲ್ಲಿ ಇತ್ಯರ್ಥವಾಗದಿದ್ದರೆ ಮುಂದಿನ ಬಾಗಿಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅದರಲ್ಲಿ ಪೋಷಕರೇ ಹೆಚ್ಚು. ಅದಾದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ. ಶಿಕಾರಿಪುರಕ್ಕೊಂದು, ಸೊರಬಕ್ಕೊಂದು ಇದೆ. ಅಲ್ಲಿಗೆ ಹೋಗುವಾಗ ಪೋಷಕರೊಬ್ಬರನ್ನು ಕರೆದುಕೊಂಡು ಹೋಗಿ. ಮನವಿಯ ಎರಡು ಪ್ರತಿ ಇರಲಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ತಾರೀಖು ಸಹಿತ ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ಮೂರು ತಿಂಗಳ ಲೆಕ್ಕ ಶುರುವಾಗುವುದು ಆ ತಾರೀಖಿನಿಂದ.