ಹಳೆಯ ಜೀಪಿಗೆ ಹೊಸ ಚಕ್ರ: ಸ್ಪೇಸರ್ ಹಾಕಿಸುವ ಮುನ್ನ

ನಮ್ಮ ಸೀಮೆಯ ತೋಟಗಳಲ್ಲಿ ಹಳೆಯ ಜೀಪು ಇನ್ನೂ ನಿವೃತ್ತಿ ಪಡೆದಿಲ್ಲ. ಕೊಯ್ಲಿನಲ್ಲಿ ಕಾಫಿ ಹಣ್ಣು ಹೊರುವುದೂ ಅದೇ, ಗೊಬ್ಬರದ ಮೂಟೆ ತರುವುದೂ ಅದೇ, ಸಂಜೆ ಕೆಲಸದವರನ್ನು ಲೈನಿಗೆ ಬಿಟ್ಟು ಬರುವುದೂ ಅದೇ. ಎಂಜಿನ್ ಗಟ್ಟಿಯಾಗಿದ್ದರೂ ಚಕ್ರದ ಡಿಸ್ಕುಗಳು ತುಕ್ಕು ತಿಂದಿರುತ್ತವೆ. ಆಗ ಹೊಸ ವಾಹನಗಳಿಂದ ಕಳಚಿದ ಅಗಲವಾದ ಚಕ್ರಗಳ ಮೇಲೆ ಕಣ್ಣು ಬೀಳುತ್ತದೆ. ಅವು ಕೂರದಿದ್ದರೆ "ಒಂದು ಸ್ಪೇಸರ್ ಹಾಕಿದರಾಯಿತು" ಎಂಬ ಸಲಹೆ ಪುಕ್ಕಟೆಯಾಗಿ ಸಿಗುತ್ತದೆ. ಈ ಸಲಹೆ ಪೂರ್ತಿ ತಪ್ಪೂ ಅಲ್ಲ, ಪೂರ್ತಿ ಸರಿಯೂ ಅಲ್ಲ. ಘಾಟಿಯ ಇಳಿಜಾರಿನಲ್ಲಿ ಚಕ್ರ ಕಳಚಿದರೆ ಹೋಗುವುದು ಜೀಪು ಮಾತ್ರವಲ್ಲವಾದ್ದರಿಂದ ಸದಸ್ಯರು ಇದನ್ನು ಸ್ವಲ್ಪ ವಿವರವಾಗಿ ತಿಳಿದಿರುವುದು ಒಳ್ಳೆಯದು.

ಮೊದಲು ಅಳತೆ

ವಿಲ್ಲಿಸ್ ವಂಶದ ಮಹೀಂದ್ರ ಜೀಪುಗಳಲ್ಲಿ 5 ಸ್ಟಡ್‌ಗಳಿದ್ದು, ಅವು ಐದೂವರೆ ಇಂಚು, ಎಂದರೆ 139.7 ಮಿ.ಮೀ. ವ್ಯಾಸದ ವರ್ತುಲದ ಮೇಲೆ ಕೂತಿರುತ್ತವೆ. ಇದನ್ನೇ ಮೆಕ್ಯಾನಿಕ್‌ಗಳು ಪಿ.ಸಿ.ಡಿ. ಎನ್ನುವುದು. ಪಕ್ಕಪಕ್ಕದ ಎರಡು ಸ್ಟಡ್‌ಗಳ ನಡುಮಧ್ಯದ ಅಂತರ ಸುಮಾರು 82 ಮಿ.ಮೀ. ಬಂದರೆ ಅಳತೆ ಇದೇ ಎಂದು ತಿಳಿಯಬಹುದು. ಇಸುಜು ಡಿ-ಮ್ಯಾಕ್ಸ್‌ನಂಥ ಪಿಕಪ್‌ಗಳಲ್ಲಿ ವರ್ತುಲ ಅದೇ, ಸ್ಟಡ್ ಮಾತ್ರ 6. "ಪಿ.ಸಿ.ಡಿ. ಒಂದೇ, ಐದರಿಂದ ಆರಕ್ಕೆ ಪ್ಲೇಟು ಮಾಡಿಕೊಡುತ್ತೇನೆ" ಎನ್ನುವವರಿದ್ದಾರೆ. ಒಂದೇ ವರ್ತುಲದ ಮೇಲೆ 5 ಮತ್ತು 6 ರಂಧ್ರಗಳನ್ನು ಹೇಗೆ ತಿರುಗಿಸಿ ಬರೆದರೂ ಒಂದು ಜೋಡಿಯ ನಡುಮಧ್ಯಗಳು ಸುಮಾರು 7 ಮಿ.ಮೀ. ಒಳಗೆ ಬಂದೇ ಬರುತ್ತವೆ. ರಂಧ್ರದ ಮೇಲೆ ರಂಧ್ರ ಬೀಳುತ್ತದೆ. ಕಾಗದದ ಮೇಲೆ ಕೈವಾರ ಹಿಡಿದು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ. ಆದುದರಿಂದ 5 ರಂಧ್ರದ, ಅದೇ ಪಿ.ಸಿ.ಡಿ.ಯ ಚಕ್ರವನ್ನೇ ಹುಡುಕುವುದು ಲೇಸು.

ಚಕ್ರ ಕೂರುವ ಜಾಗ

ಹೊಸ ಚಕ್ರಗಳು ಸಾಮಾನ್ಯವಾಗಿ ಹೆಚ್ಚು ಒಳಕ್ಕೆ ಸರಿದು ಕೂರುತ್ತವೆ. ಹೀಗಾಗಿ ಸ್ಟಿಯರಿಂಗ್ ರಾಡಿಗೋ ಸ್ಪ್ರಿಂಗ್ ಪ್ಲೇಟಿಗೋ ತಾಗುತ್ತವೆ. ಚಕ್ರವನ್ನು ಹೊರಕ್ಕೆ ತಳ್ಳುವುದೇ ಸ್ಪೇಸರ್‌ನ ಕೆಲಸ. ಎಷ್ಟು ತಳ್ಳಬೇಕೆಂದು ತಿಳಿಯಲು ಚಕ್ರವನ್ನು ಒಳಮೈ ಮೇಲಾಗಿ ಮಲಗಿಸಿ, ಅಂಚಿನಿಂದ ಅಂಚಿಗೆ ನೇರವಾದ ಪಟ್ಟಿ ಇಟ್ಟು, ಅಲ್ಲಿಂದ ಹಬ್ಬಿಗೆ ಕೂರುವ ಮುಖದವರೆಗಿನ ಆಳವನ್ನು ಅಳೆಯಿರಿ. ಹಳೆಯ ಚಕ್ರದಲ್ಲಿ 80, ಹೊಸದರಲ್ಲಿ 110 ಮಿ.ಮೀ. ಬಂದಿತೆನ್ನಿ, 30 ಮಿ.ಮೀ. ಸ್ಪೇಸರ್ ಹಾಕಿದರೆ ಒಳ ಅಂಚು ಮೊದಲಿನ ಜಾಗಕ್ಕೇ ಬರುತ್ತದೆ.

ಆದರೆ ಅಗಲದ ಲೆಕ್ಕ ಬೇರೆ. ಜೀಪಿನ ಹಳೆಯ ಡಿಸ್ಕಿನ ಅಗಲ ನಾಲ್ಕೂವರೆ ಇಂಚು. 7 ಇಂಚಿನದನ್ನು ಒಳ ಅಂಚು ಸರಿಹೊಂದಿಸಿ ಹಾಕಿದರೆ ಹೆಚ್ಚಿನ ಎರಡೂವರೆ ಇಂಚೂ ಹೊರಗೆ ಬಂದು, ಭಾರ ಬೀಳುವ ನಡುಗೆರೆ ಒಂದೂಕಾಲು ಇಂಚು ಹೊರಕ್ಕೆ ಸರಿಯುತ್ತದೆ. ಉದ್ದ ಹಿಡಿಯ ಹಾರೆಯಿಂದ ಕಲ್ಲೆಬ್ಬಿಸಿದಂತೆ ಆ ಸನ್ನೆಯ ಒತ್ತಡ ಬೇರಿಂಗ್, ಸ್ಟಡ್, ಕಿಂಗ್‌ಪಿನ್‌ಗಳ ಮೇಲೆ ಬೀಳುತ್ತದೆ. ಸ್ಟಿಯರಿಂಗ್ ಕೈಗೆ ಒದೆಯುತ್ತದೆ. ದೋಷ ಸ್ಪೇಸರ್‌ನದೆನ್ನುವುದಕ್ಕಿಂತ, ಕೊನೆಗೆ ಚಕ್ರ ಎಲ್ಲಿ ನಿಂತಿತೆಂಬುದರದು. ನಡುಗೆರೆ ಮೊದಲಿದ್ದಲ್ಲೇ ಉಳಿದರೆ ಬೇರಿಂಗಿಗೆ ಹೊಸ ಹೊರೆಯಿಲ್ಲ.

ಎರಡು ಬಗೆ

ಒಂದು ಬಗೆ ಬರೀ ತೂತಿನ ಬಿಲ್ಲೆ. ಅದನ್ನು ಹಳೆಯ ಸ್ಟಡ್‌ಗಳಿಗೇ ತೂರಿಸಿ, ಮೇಲೆ ಚಕ್ರ ಬಿಗಿಯುತ್ತಾರೆ. ಬಿಲ್ಲೆ ಎಷ್ಟು ದಪ್ಪವೋ ನಟ್ಟಿಗೆ ಅಷ್ಟು ತಿರುಪು ಕಡಿಮೆ. ಕನಿಷ್ಠ ಸ್ಟಡ್‌ನ ವ್ಯಾಸದಷ್ಟು ತಿರುಪನ್ನಾದರೂ ನಟ್ಟು ಹಿಡಿದಿರಬೇಕು. ಇಂಚಿಗೆ 20 ತಿರುಪಿರುವ ಅರ್ಧ ಇಂಚಿನ ಸ್ಟಡ್ ಆದರೆ ಪೂರ್ತಿ 10 ಸುತ್ತು. ಎಣಿಸಿ ನೋಡಿ, ಕಡಿಮೆಯಾದರೆ ಬೇಡವೆನ್ನಿ.

ಇನ್ನೊಂದು ಬಗೆಯಲ್ಲಿ ದಪ್ಪ ಸ್ಪೇಸರನ್ನು ಹಬ್ಬಿಗೆ ಬೇರೆ ನಟ್ಟುಗಳಿಂದ ಬಿಗಿಯುತ್ತಾರೆ. ಚಕ್ರ ಕೂರುವುದು ಸ್ಪೇಸರ್‌ನದೇ ಸ್ಟಡ್‌ಗಳ ಮೇಲೆ. ಹಾಕಲೇಬೇಕೆಂದಿದ್ದರೆ ಇದನ್ನು, ಅದರಲ್ಲೂ ಹಬ್ಬಿನ ನಡುಭಾಗಕ್ಕೆ ಸರಿಯಾಗಿ ಕೂರುವಂಥದನ್ನು ಆರಿಸಬೇಕು. ಹಬ್ಬಿನ ಸ್ಟಡ್ ಅದರ ಮುಖದಿಂದ ಹೊರಗೆ ಇಣುಕಬಾರದು. ಎರಕದ ಮಾಲು, ವೆಲ್ಡಿಂಗ್ ಮಾಡಿದ ಪ್ಲೇಟು, ಒಂದರ ಮೇಲೊಂದು ಎರಡು ಸ್ಪೇಸರ್ ಇವು ಎಷ್ಟು ಅಗ್ಗವಾದರೂ ಬೇಡ.

ಗಮನದಲ್ಲಿಡಬೇಕಾದ ಅಂಶಗಳು

1. ಹಬ್ಬಿನ ಮುಖದ ತುಕ್ಕು, ಬಣ್ಣ, ಮಣ್ಣು ಉಜ್ಜಿ ತೆಗೆಯಿರಿ. ಬಣ್ಣದ ಪದರ ಸವೆದರೂ ನಟ್ಟು ಸಡಿಲವಾಗುತ್ತದೆ.

2. ಹಳೆಯ ವಿಲ್ಲಿಸ್ ಮಾದರಿಗಳಲ್ಲಿ ಎಡಬದಿಯ ಚಕ್ರಗಳಿಗೆ ಎಡತಿರುಪಿನ ನಟ್ಟು ಇರುತ್ತದೆ. ಬಲತಿರುಪಿನ ನಟ್ಟನ್ನು ಬಲವಂತದಿಂದ ಏರಿಸಿದರೆ ಸ್ಟಡ್ ಹಾಳು.

3. ನಟ್ಟಿನ ಮೂತಿ ಚಕ್ರದ ಕುಳಿಗೆ ಹೊಂದಬೇಕು. ನಕ್ಷತ್ರದಂತೆ ಎದುರುಬದುರಾಗಿ, ಟಾರ್ಕ್ ಸ್ಪ್ಯಾನರ್‌ನಿಂದ ಬಿಗಿಯಿಸಿ.

4. 50ರಿಂದ 100 ಕಿ.ಮೀ. ಓಡಿದ ಬಳಿಕ ಚಕ್ರ ಬಿಚ್ಚಿ, ಒಳಗಿನ ನಟ್ಟುಗಳನ್ನೂ ಪರೀಕ್ಷಿಸಿ. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಹರಿದಿದ್ದರೆ ಸಡಿಲವಾಗಿದೆ ಎಂದರ್ಥ.

5. ಟೈರು ಎತ್ತರವಾದಷ್ಟೂ ಹಳೆಯ ಡ್ರಮ್ ಬ್ರೇಕಿನ ಹಿಡಿತ ಕಡಿಮೆ. ಮಡ್‌ಗಾರ್ಡಿನಿಂದ ಹೊರಚಾಚಿದ ಟೈರು ಎದುರಿನಿಂದ ಬರುವವರಿಗೂ ಅಪಾಯ.

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಂದ ವಾಹನ ಬೇರೆಯಾಗುವಂತೆ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 15 ವರ್ಷ ದಾಟಿದ ಜೀಪಿನ ನೋಂದಣಿ ನವೀಕರಿಸಲು ಹೋದಾಗಲೂ, ಅಪಘಾತವಾಗಿ ವಿಮೆ ಕೇಳಿದಾಗಲೂ ಈ ಮಾತು ಎದುರಾಗಬಹುದು. ಹಾಕಿಸುವ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿಯೂ ವಿಮಾ ಕಂಪನಿಯಲ್ಲಿಯೂ ವಿಚಾರಿಸುವುದು ಕ್ಷೇಮ.

ಒಟ್ಟಿನಲ್ಲಿ, ಜೀಪಿನ ಮೂಲ ಅಳತೆಯ ಡಿಸ್ಕು ಸಿಗುವವರೆಗೆ ಸ್ಪೇಸರ್‌ನ ಗೋಜು ಬೇಡ. ನಾಲ್ಕು ಡಿಸ್ಕಿನ ಬೆಲೆಯ ಜೊತೆಗೆ ಒಳ್ಳೆಯ ಸ್ಪೇಸರ್, ಸ್ಟಡ್, ನಟ್ಟು, ಮುಂದಿನ ಬೇರಿಂಗಿನ ಖರ್ಚನ್ನೂ ಬರೆದು ಕೂಡಿಸಿ ನೋಡಿ. ಅಗ್ಗ ಯಾವುದೆಂದು ಲೆಕ್ಕವೇ ಹೇಳುತ್ತದೆ. ಈಗಾಗಲೇ ಹಾಕಿಸಿರುವ ಸದಸ್ಯರು ಕೊಯ್ಲಿನ ಹೊರೆ ಏರಿಸುವ ಮುನ್ನ ನಾಲ್ಕೂ ಚಕ್ರಗಳನ್ನು ಬಿಚ್ಚಿಸಿ ನೋಡಬೇಕಾಗಿ ವಿನಂತಿ.