ಬೆಟ್ಟಾ ಮೀನಿನ ಅಜೀರ್ಣ: ಉಪವಾಸವೂ ಉಪಚಾರವೂ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ನಮ್ಮ ಪಟ್ಟಣದ ಮನೆಗಳಿಗೆ ಹೊಸದೇನಲ್ಲ. ಸ್ಥಳ ಕಡಮೆಯಿರುವ ಮನೆಗಳವರು ಮೆಚ್ಚಿ ತರುವುದು ಬೆಟ್ಟಾ ಎಂಬ ಮೀನನ್ನು. ಅಂಗಡಿಗಳಲ್ಲಿ ಇದಕ್ಕೆ ಫೈಟರ್ ಮೀನು ಎಂದು ಹೆಸರು. ಗಂಡು ಗಂಡನ್ನು ಕಂಡರೆ ಕಾದಾಡುವುದರಿಂದ ಒಂದು ತೊಟ್ಟಿಗೆ ಒಂದೇ ಗಂಡನ್ನು ಬಿಡತಕ್ಕದ್ದು. ಹೀಗೆ ಒಂಟಿಯಾಗಿರುವ ಮೀನು ಬಹು ಬೇಗ ಮನೆಯವರಿಗೆ ಹೊಂದಿಕೊಳ್ಳುತ್ತದೆ. ಯಾರಾದರೂ ಬಳಿಗೆ ಬಂದರೆ ಸಾಕು, ಮೇಲಕ್ಕೇರಿ ಬಾಯಿ ತೆರೆಯುತ್ತದೆ. ಬೆಳಗ್ಗೆ ಮಕ್ಕಳು ನಾಲ್ಕು ಕಾಳು ಆಹಾರ ಹಾಕುತ್ತಾರೆ. ಅದನ್ನು ತಿಳಿಯದೆ ಮಧ್ಯಾಹ್ನ ಅಜ್ಜಿ ಮತ್ತೆ ನಾಲ್ಕು ಹಾಕುತ್ತಾರೆ. ಸಂಜೆ ಮನೆಗೆ ಬಂದ ಯಜಮಾನರದೂ ಒಂದು ಪಾಲು ಸೇರುತ್ತದೆ. ಕೆಲವು ದಿನಗಳಲ್ಲಿ ಮೀನಿನ ಹೊಟ್ಟೆ ಉಬ್ಬಿ, ಅದು ಒಂದು ಪಕ್ಕಕ್ಕೆ ವಾಲಿ ತೇಲತೊಡಗುತ್ತದೆ. ಆಗ ಮನೆಮಂದಿಗೆಲ್ಲ ಗಾಬರಿ.

ಈ ಕಾಯಿಲೆ ಹೆಚ್ಚಾಗಿ ನಮ್ಮ ಅಕ್ಕರೆಯಿಂದಲೇ ಬರುವುದು. ಅಂಥ ಅಜೀರ್ಣವಾದರೆ ಔಷಧಿಗಿಂತ ಮೊದಲು ಉಪವಾಸವೇ ಅದಕ್ಕೆ ಚಿಕಿತ್ಸೆ. ಏಕೆಂದು ತಿಳಿಯಬೇಕಾದರೆ ಈ ಮೀನಿನ ತವರನ್ನು ಸ್ವಲ್ಪ ಅರಿತಿರಬೇಕು.

ಬೆಟ್ಟಾ ಥಾಯ್ಲೆಂಡಿನ ಮೀನು. ಅಲ್ಲಿನ ಬತ್ತದ ಗದ್ದೆ, ಕಾಲುವೆ, ಜೌಗು ಪ್ರದೇಶಗಳ ನಿಂತ ನೀರಿನಲ್ಲಿ ಅದು ಬಾಳುತ್ತದೆ. ಆ ದೇಶದವರು 2019ರಲ್ಲಿ ಅದನ್ನು ತಮ್ಮ ರಾಷ್ಟ್ರೀಯ ಜಲಚರವೆಂದು ಸಾರಿದರು. ಕಿವಿರುಗಳಲ್ಲದೆ ಅದರ ತಲೆಯಲ್ಲಿ ಗಾಳಿಯನ್ನು ಹೀರುವ ಬೇರೊಂದು ಅಂಗವೂ ಉಂಟು. ಆದುದರಿಂದ ಅದು ಆಗಾಗ ನೀರಿನ ಮೇಲಕ್ಕೆ ಬಂದು ಉಸಿರೆಳೆದುಕೊಳ್ಳಲೇಬೇಕು. ಅದರ ಸಹಜ ಆಹಾರ ಸೊಳ್ಳೆಯ ಮರಿಹುಳು, ಸಣ್ಣ ಕೀಟ, ನೀರಿನಲ್ಲಿ ಸುಳಿದಾಡುವ ಸೂಕ್ಷ್ಮ ಜೀವಿಗಳು. ಇವು ಒಮ್ಮೆಗೇ ಹೇರಳವಾಗಿ ಸಿಗುವುವಲ್ಲ. ಅದರ ಜಠರವೂ ಬಹು ಚಿಕ್ಕದು. ಮೀನಿನ ಕಣ್ಣಿನ ಗಾತ್ರವನ್ನೇ ಅಳತೆಯಾಗಿ ಇಟ್ಟುಕೊಳ್ಳಿರೆಂದು ಅನುಭವಸ್ಥರು ಹೇಳುವುದುಂಟು. ಅಷ್ಟು ಸಣ್ಣ ಚೀಲಕ್ಕೆ ಒಣಗಿದ ಕಾಳುಗಳನ್ನು ತುಂಬಿದರೆ, ಅವು ನೆನೆದು ಹಿಗ್ಗಿದಾಗ ಹೊಟ್ಟೆ ಉಬ್ಬದೆ ಇನ್ನೇನು? ಉಬ್ಬಿದ ಹೊಟ್ಟೆ ಒಳಗಿನ ಗಾಳಿಚೀಲವನ್ನು ಒತ್ತುತ್ತದೆ. ನೀರಿನಲ್ಲಿ ಸಮತೂಕದಿಂದ ನಿಲ್ಲಲು ಮೀನಿಗೆ ಈ ಗಾಳಿಚೀಲವೇ ಆಧಾರ. ಅದು ಕೆಟ್ಟರೆ ಮೀನು ಮುಳುಗಲಾರದೆ ತೇಲುತ್ತದೆ, ಇಲ್ಲವೆ ಏಳಲಾರದೆ ತಳದಲ್ಲಿ ಬೀಳುತ್ತದೆ.

ತಣ್ಣನೆಯ ನೀರು ಇನ್ನೊಂದು ಕಾರಣ. ಮೀನಿನ ಮೈಬಿಸಿ ನೀರಿನ ಬಿಸಿಯನ್ನೇ ಅನುಸರಿಸುತ್ತದೆ. ನೀರು ತಣ್ಣಗಾದರೆ ಜೀರ್ಣಕ್ರಿಯೆಯೂ ಮಂದವಾಗುತ್ತದೆ. ಬೆಟ್ಟಾ ಮೀನಿಗೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ಹಿತ. ಬೆಂಗಳೂರು, ಮೈಸೂರುಗಳಲ್ಲಿ ಡಿಸೆಂಬರ್ ಜನವರಿಗಳ ರಾತ್ರಿ ಹವೆ 15, 16 ಡಿಗ್ರಿಗೆ ಇಳಿಯುವುದುಂಟು. ಕಿಟಕಿಯ ಬಳಿ ಇಟ್ಟ ಪುಟ್ಟ ಗಾಜಿನ ಪಾತ್ರೆ ಬೆಳಗಾಗುವಷ್ಟರಲ್ಲಿ ಎಷ್ಟು ತಣ್ಣಗಾಗಿರುತ್ತದೆಂಬುದನ್ನು ನೀವೇ ಊಹಿಸಬಹುದು.

ಉಪಚಾರಕ್ಕೆ ಕೈಹಾಕುವ ಮೊದಲು ಮೀನನ್ನು ಮೇಲಿನಿಂದಲೂ ಪಕ್ಕದಿಂದಲೂ ಚೆನ್ನಾಗಿ ನೋಡಿರಿ. ಹೊಟ್ಟೆ ಉಬ್ಬಿದೆ, ಮಲ ವಿಸರ್ಜನೆ ನಿಂತಿದೆ, ಈಜು ತಪ್ಪಿದೆ, ಆದರೆ ಹುರುಪೆಗಳು ಮೈಗೆ ಅಂಟಿಕೊಂಡೇ ಇವೆ ಎಂದರೆ ಅದು ಮಲಬದ್ಧತೆಯಾಗಿರುವ ಸಂಭವ ಹೆಚ್ಚು. ಹುರುಪೆಗಳು ಮೈಯಿಂದ ಹೊರಕ್ಕೆ ನಿಮಿರಿ ನಿಂತಿದ್ದರೆ ಅದು ಜಲೋದರ. ಮೂತ್ರಪಿಂಡ ಮೊದಲಾದ ಅಂಗಗಳು ಕೆಟ್ಟು ಮೈಯಲ್ಲಿ ನೀರು ತುಂಬುವ ಸ್ಥಿತಿ ಅದು. ಉಪವಾಸದಿಂದ ಗುಣವಾಗುವುದಲ್ಲ, ಗುಣವಾಗುವುದೂ ಅಪರೂಪ. ಬಿಳಿಯ ದಾರದಂಥ ಮಲ ಜೋತಾಡುತ್ತಿದ್ದು ಮೀನು ಸೊರಗುತ್ತಿದ್ದರೆ ಹೊಟ್ಟೆಯಲ್ಲಿ ಪರೋಪಜೀವಿಗಳಿರಬಹುದು. ಈ ಎರಡಕ್ಕೂ ಮೀನಿನ ರೋಗಗಳನ್ನು ಬಲ್ಲ ಪಶುವೈದ್ಯರನ್ನು ಕಾಣುವುದೇ ಸರಿ. ಹೆಣ್ಣು ಮೀನಿನ ಹೊಟ್ಟೆ ದುಂಡಗಾಗಿದ್ದು ಅದು ಲವಲವಿಕೆಯಿಂದ ಓಡಾಡುತ್ತಿದ್ದರೆ ಮೊಟ್ಟೆ ತುಂಬಿದೆಯೆಂದೂ ಇರಬಹುದು. ಆಗ ಚಿಕಿತ್ಸೆಯ ಮಾತೇ ಬೇಡ.

ಮಲಬದ್ಧತೆಯೆಂದು ತೋರಿದರೆ ಹೀಗೆ ಮಾಡಿರಿ. ಮೊದಲ ಎರಡು ಮೂರು ದಿನ ಏನೂ ಆಹಾರ ಹಾಕಬೇಡಿರಿ. ಬೆಳೆದ ಮೀನು ಇಷ್ಟು ಉಪವಾಸವನ್ನು ಸುಲಭವಾಗಿ ತಾಳಿಕೊಳ್ಳುತ್ತದೆ. ತೀರ ಎಳೆಯ ಮರಿಗಳಿಗೆ ಮಾತ್ರ ಈ ಕ್ರಮ ಸಲ್ಲದು. ಅದು ಬಾಯಿ ತೆರೆದು ಬೇಡಿದಾಗ ಮಕ್ಕಳ ಮನಸ್ಸು ಕರಗುವುದು ಸಹಜ. ಆಹಾರದ ಡಬ್ಬಿಯನ್ನು ಎತ್ತರದಲ್ಲಿಡುವುದೇ ಮೇಲು. ಕೊಳೆತ ಆಹಾರವನ್ನು ತೆಗೆದು, ನಾಲ್ಕನೆಯ ಒಂದು ಪಾಲು ನೀರನ್ನು ಬದಲಿಸಿರಿ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗುವಂತೆ ಒಂದು ದಿನ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟಿರಬೇಕು. ಅದರ ಬಿಸಿಯೂ ತೊಟ್ಟಿಯ ನೀರಿಗೆ ಸಮನಾಗಿರಬೇಕು. ತೊಟ್ಟಿಯ ನೀರು ತಣ್ಣಗಿದ್ದರೆ ಸಣ್ಣ ಹೀಟರಿನಿಂದ ನಿಧಾನವಾಗಿ, ಗಂಟೆಗೆ ಒಂದು ಡಿಗ್ರಿಯನ್ನು ಮೀರದಂತೆ, 27 ಡಿಗ್ರಿಯವರೆಗೆ ಏರಿಸಿರಿ. ಮೀನಿಗೆ ಮೇಲೇಳುವುದು ಕಷ್ಟವಾಗಿದ್ದರೆ ನೀರಿನ ಮಟ್ಟವನ್ನು ತಗ್ಗಿಸಿರಿ. ಉಸಿರಿಗಾಗಿ ಅದು ಪಡುವ ಶ್ರಮ ಅಷ್ಟು ಕಡಮೆಯಾಗುತ್ತದೆ.

ಉಪವಾಸ ಮುಗಿದ ಮೇಲೆ ಪಥ್ಯವಾಗಿ ಡ್ಯಾಫ್ನಿಯಾ ಎಂಬ ನೀರುಚಿಗಟವನ್ನು ಎರಡು ಮೂರರಂತೆ ಕೊಡಬಹುದು. ಇದರ ಹೊರಚಿಪ್ಪು ಜೀರ್ಣವಾಗದೆ, ನಮಗೆ ಸೊಪ್ಪಿನ ನಾರು ಮಾಡುವ ಕೆಲಸವನ್ನು ಮೀನಿಗೆ ಮಾಡುತ್ತದೆ. ಬೇಯಿಸಿ ಸಿಪ್ಪೆ ತೆಗೆದ ಬಟಾಣಿಯನ್ನು ಕೊಡಿರೆಂದು ಹಲವರು ಹೇಳುತ್ತಾರೆ. ಸೊಪ್ಪುಸದೆಯನ್ನೂ ತಿನ್ನುವ ಹೊಂಬಣ್ಣದ ಗೋಲ್ಡ್ ಫಿಶ್‌ಗೆ ಅದು ಒಗ್ಗೀತು. ಕೀಟಾಹಾರಿಯಾದ ಬೆಟ್ಟಾಗೆ ಅಷ್ಟಾಗಿ ಹೊಂದದು.

ಇಷ್ಟಾದರೂ ಹೊಟ್ಟೆ ಇಳಿಯದಿದ್ದರೆ ಎಪ್ಸಂ ಉಪ್ಪಿನ ಸ್ನಾನ ಮಾಡಿಸಬಹುದು. ಔಷಧದಂಗಡಿಗಳಲ್ಲಿ ದೊರೆಯುವ ಈ ಭೇದಿ ಉಪ್ಪು ಮೆಗ್ನೀಸಿಯಂ ಸಲ್ಫೇಟು. ಅಡುಗೆಯ ಉಪ್ಪು ಇದರ ಕೆಲಸ ಮಾಡದು. ಬೇರೊಂದು ಪಾತ್ರೆಯಲ್ಲಿ ತೊಟ್ಟಿಯ ಬಿಸಿಗೆ ಸಮನಾದ 4 ಲೀಟರ್ ನೀರಿಗೆ ಮಟ್ಟಸವಾದ 1 ಟೀ ಚಮಚ ಉಪ್ಪನ್ನು ಪೂರ್ತಿ ಕರಗಿಸಿ, ಮೀನನ್ನು 10ರಿಂದ 15 ನಿಮಿಷ ಬಿಡಿರಿ. ಆ ಹೊತ್ತಿನಲ್ಲಿ ಬಳಿಯಿಂದ ಕದಲಬೇಡಿರಿ. ಮೀನು ತತ್ತರಿಸಿದರೆ ಕೂಡಲೇ ತೊಟ್ಟಿಗೆ ಮರಳಿಸಿರಿ. ಮನುಷ್ಯರ ಮಾತ್ರೆಗಳನ್ನು ಪುಡಿಮಾಡಿ ನೀರಿಗೆ ಹಾಕುವುದು, ಕಾರಣ ತಿಳಿಯದೆ ರೋಗಾಣುನಾಶಕ ಔಷಧಗಳನ್ನು ಸುರಿಯುವುದು, ಇವೆರಡೂ ಕೂಡದು. ಅಜೀರ್ಣದಿಂದ ಸಾಯದ ಮೀನು ಔಷಧದಿಂದ ಸತ್ತೀತು. ಒಂದು ವಾರದಲ್ಲಿ ಚೇತರಿಕೆ ಕಾಣದಿದ್ದರೆ ವೈದ್ಯರ ಸಲಹೆ ಪಡೆಯಿರಿ. ಗಾಳಿಚೀಲಕ್ಕೇ ಊನವಾಗಿದ್ದರೆ ಮೀನು ವಾಲಿಕೊಂಡೇ ಉಳಿಯಬಹುದು. ಆಗ ನೀರನ್ನು ತಗ್ಗಿಸಿ, ಒರಗಿಕೊಳ್ಳಲು ಅಗಲ ಎಲೆಯ ಗಿಡವೊಂದನ್ನು ಇಟ್ಟರೆ ಅದರ ಬಾಳು ಹಗುರವಾಗುತ್ತದೆ.

ಗುಣವಾದ ಮೇಲೆ ಹಳೆಯ ರೂಢಿಗೆ ಮರಳಬಾರದು. ಹೊತ್ತಿಗೆ ಎರಡು ಮೂರು ಸಣ್ಣ ಕಾಳುಗಳಂತೆ ದಿನಕ್ಕೆ ಎರಡು ಹೊತ್ತು ಸಾಕು. ಹಾಕುವ ಮೊದಲು ಐದು ನಿಮಿಷ ನೀರಿನಲ್ಲಿ ನೆನೆಸಿರಿ. ವಾರಕ್ಕೊಂದು ದಿನ ಉಪವಾಸವಿರಲಿ. ಏಕಾದಶಿ ಆಚರಿಸುವ ಮನೆಗಳಲ್ಲಿ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆಹಾರ ಹಾಕುವ ಕೆಲಸ ಮನೆಯಲ್ಲಿ ಒಬ್ಬರ ಪಾಲಿಗೇ ಇರಲಿ. ಉಳಿದವರು ನೋಡಿ ಸಂತೋಷಪಟ್ಟರೆ ಸಾಕು.