ಹಳೆಯ ರೇಡಿಯೋಕ್ಕೆ ಮರಳಿ ದನಿ

ಒಂದು ಕಾಲಕ್ಕೆ ನಮ್ಮ ನಿಡಗುಂದಿಯ ಅನುಕೂಲಸ್ಥರ ಮನೆಗಳಲ್ಲಿ, ಪಡಸಾಲೆಯ ಗೋಡೆಗೆ ಬಡಿದ ಹಲಗೆಯೊಂದು ರೇಡಿಯೋಕ್ಕೆಂದೇ ಮೀಸಲಾಗಿರುತ್ತಿತ್ತು. ಪೆಟ್ಟಿಗೆಯ ಮೇಲೆ ಕಸೂತಿಯ ಮುಸುಕು. ಮನೆಯ ಹಿರಿಯರ ಹೊರತು ಇನ್ನೊಬ್ಬರು ಅದರ ಕಿವಿ ಹಿಂಡುವಂತಿರಲಿಲ್ಲ. ಟ್ರಾನ್ಸಿಸ್ಟರ್ ಬಂದಿತು, ಟೆಲಿವಿಜನ್ ಬಂದಿತು. ಪೆಟ್ಟಿಗೆ ಹಲಗೆಯಿಂದ ಅಟ್ಟಕ್ಕೂ ಅಟ್ಟದಿಂದ ಗುಜರಿಗೂ ನಡೆಯಿತು. ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಅಂಥ ಪೆಟ್ಟಿಗೆಗಳನ್ನು ತಂದು ಮತ್ತೆ ಮಾತನಾಡಿಸುವ ಗೀಳು ನನಗೆ ಹತ್ತಿಕೊಂಡಿತು. ಶ್ರೋತೃಗಳೇ, ಆ ಗೀಳು ನನಗೆ ಕಲಿಸಿದ ಒಂದೆರಡು ಪಾಠಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಈ ಹುಚ್ಚು ನನಗೊಬ್ಬನಿಗೇ ಹಿಡಿದುದಲ್ಲ. ನಾಣ್ಯ ಹಾಕಿ ಆಡುತ್ತಿದ್ದ ವಿಡಿಯೋ ಆಟದ ಕಪಾಟುಗಳನ್ನು ಹುಡುಕಿ ತಂದು ಸರಿಪಡಿಸುವವರು ಅಮೆರಿಕ, ಯುರೋಪುಗಳಲ್ಲಿ ಬಹಳ ಮಂದಿ ಇದ್ದಾರೆ. 1972ರ ಪಾಂಗ್, 1978ರಲ್ಲಿ ಜಪಾನಿನಲ್ಲಿ ಹುಟ್ಟಿದ ಸ್ಪೇಸ್ ಇನ್ವೇಡರ್ಸ್, 1980ರ ಪ್ಯಾಕ್‌ಮನ್ ಇವೆಲ್ಲ ಆಳೆತ್ತರದ ಮರದ ಕಪಾಟುಗಳಲ್ಲಿ ನಿಂತು ಮಕ್ಕಳ ಪುಡಿಗಾಸು ನುಂಗಿದವು. ಅವುಗಳನ್ನು ಉಳಿಸುವವರಲ್ಲಿ ಒಂದು ವಾದವುಂಟು: ಸತ್ತ ಚಿತ್ರನಳಿಗೆಯನ್ನೇ ಬದುಕಿಸಬೇಕೋ, ಅಥವಾ ಅದರ ಜಾಗದಲ್ಲಿ ಹೊಸ ಚಪ್ಪಟೆ ಪರದೆಯನ್ನು ಕೂರಿಸಿದರೆ ಸಾಕೋ? ನನ್ನೆದುರಿಗೂ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. "ಒಳಗಿನದೆಲ್ಲ ಕಿತ್ತು ಬ್ಲೂಟೂತ್ ಹಾಕಿಕೊಡ್ರಿ, ಹೊರಗಿನ ಪೆಟ್ಟಿಗಿ ಚಂದ ಐತಿ" ಎನ್ನುವವರೇ ಹೆಚ್ಚು. ಹಳೆಯ ಗುಡಿಯ ಕಲ್ಲುಕಂಬಕ್ಕೆ ಎಣ್ಣೆಬಣ್ಣ ಬಳಿದು ಜೀರ್ಣೋದ್ಧಾರವಾಯಿತೆಂದು ಸಮಾಧಾನಪಡುವ ನಮಗೆ ಇದು ಹೊಸದೇನಲ್ಲ. ಆದರೆ ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು ಬೇರೆ, ಅಳಿಸಿ ಹೊಸದು ಮಾಡುವುದು ಬೇರೆ.

ಈ ಭೇದ ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಮೊದಲ ಸೆಟ್ಟನ್ನು ತಂದ ದಿನ ಉತ್ಸಾಹದ ಭರದಲ್ಲಿ ಡಯಲಿನ ಗಾಜನ್ನು ಬಿಚ್ಚಿ, ಒದ್ದೆ ಬಟ್ಟೆಯಿಂದ ಎರಡೂ ಬದಿ ಒರೆಸಿದೆ. ಧೂಳಿನೊಂದಿಗೆ ದಿಲ್ಲಿ ಹೋಯಿತು, ಮುಂಬಯಿ ಹೋಯಿತು, ಸಿಲೋನ್ ಹೋಯಿತು. ಊರುಗಳ ಹೆಸರನ್ನು ಗಾಜಿನ ಒಳಮೈಗೆ ಅಚ್ಚು ಮಾಡಿರುತ್ತಾರೆ. ದಶಕಗಳು ಕಳೆದಂತೆ ಆ ಬಣ್ಣದ ಹಿಡಿತ ಸಡಿಲಿ, ನೀರು ಸೋಕಿದೊಡನೆ ಎದ್ದು ಬರುತ್ತದೆ. ಸುಟ್ಟ ಕಂಡೆನ್ಸರಿಗೆ ಬದಲಿ ಸಿಕ್ಕೀತು. ಅಳಿದ ಅಕ್ಷರಕ್ಕೆ ಸಿಗಲಿಲ್ಲ. ಅಂದಿನಿಂದ ಗಾಜಿನ ಒಳಮೈಗೆ ಒಣ ಕುಂಚದ ಹೊರತು ಬೇರೇನನ್ನೂ ನಾನು ತಾಗಿಸುವುದಿಲ್ಲ.

ಎರಡನೆಯ ಪಾಠ ವಿದ್ಯುತ್ತಿನದು. ಅಟ್ಟದಿಂದ ಇಳಿಸಿದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಚುಚ್ಚಿ "ಮಾತಾಡತೈತೋ ನೋಡೂಣು" ಎನ್ನಬಾರದು. ಒಳಗಿನ ಕಾಗದದ ಕಂಡೆನ್ಸರುಗಳು ತೇವ ಹೀರಿ ವಿದ್ಯುತ್ತನ್ನು ಸೋರಿಸುತ್ತವೆ. ಹಾಗೆ ಸೋರಿದ ವಿದ್ಯುತ್ತು ಕೊನೆಯ ವಾಲ್ವಿನ ಜಾಲರಿಯನ್ನು ಸೇರಿದರೆ, ಸ್ಪೀಕರನ್ನು ನಡೆಸುವ ಆ ವಾಲ್ವು ಮಿತಿಮೀರಿ ಕಾಯ್ದು ಸಾಯುತ್ತದೆ. ಆದ್ದರಿಂದ ಮೊದಲು 60 ಅಥವಾ 100 ವ್ಯಾಟಿನ ಹಳೆಯ ಮಾದರಿಯ ಬಲ್ಬೊಂದನ್ನು ಸೀರೀಸಿನಲ್ಲಿ ಸೇರಿಸಿ ನೋಡುವುದು ಪದ್ಧತಿ. ಬಲ್ಬು ಪೂರ್ಣ ಉರಿದೇ ಉರಿದರೆ ಒಳಗೆಲ್ಲೋ ಶಾರ್ಟ್ ಇದೆಯೆಂದರ್ಥ. ಒಮ್ಮೆ ಬೆಳಗಿ ಮಂದವಾದರೆ ಆಶೆಗೆ ಎಡೆಯುಂಟು. ಸೆಟ್ಟಿನೊಳಗೆ 250 ವೋಲ್ಟಿನ ಆಸುಪಾಸಿನ ಡಿ.ಸಿ. ಓಡುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಕೆಲಹೊತ್ತು ಅಡಗಿರುತ್ತದೆ. ಒಂದೇ ಕೈಯನ್ನು ಒಳಗಿಟ್ಟು ಇನ್ನೊಂದನ್ನು ಬೆನ್ನ ಹಿಂದಿಡುವುದು ಹಳೆಯ ಮೆಕ್ಯಾನಿಕರ ರೂಢಿ. ಪ್ರಾಣ ಉಳಿಸುವ ರೂಢಿಯದು.

ಮೂರನೆಯದು ಸಂಯಮ. ಬಾನಿನಲ್ಲಿ ಬರುವ ಪ್ರತಿಯೊಂದು ಕೇಂದ್ರದ ತರಂಗಕ್ಕೆ ಸೆಟ್ಟು ತನ್ನದೇ ಒಂದು ತರಂಗವನ್ನು ಬೆರೆಸಿ, ಎರಡರ ಅಂತರವನ್ನು ಮಾತ್ರ ಮುಂದೆ ಕಳಿಸುತ್ತದೆ. ಆ ಅಂತರ ಅನೇಕ ಸೆಟ್ಟುಗಳಲ್ಲಿ 455 ಕಿಲೋಹರ್ಟ್ಸ್. 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರಕ್ಕೆ, ಮುಂದೆ ನಮ್ಮ ಬೆರಳುಗಳಿಗೆ ರೂಢಿಯಾದ ಸ್ಥಾನ 765. ಅದನ್ನು ಹಿಡಿಯಲು ಸೆಟ್ಟು ಒಳಗೆ 1220 ಕಿಲೋಹರ್ಟ್ಸ್ ಹುಟ್ಟಿಸುತ್ತದೆ; ಕಳೆದು ನೋಡಿದರೆ ಅದೇ 455. ಇದಕ್ಕೆಂದು ಹೊಂದಿಸಿದ ಕಾಯಿಲುಗಳ ಸ್ಕ್ರೂಗಳನ್ನು ಕಂಡರೆ ತಿರುವಬೇಕೆನಿಸುತ್ತದೆ. ತಕ್ಕ ಉಪಕರಣವಿಲ್ಲದೆ ತಿರುವಿದರೆ ಕೇಂದ್ರಗಳೆಲ್ಲ ಕ್ಷೀಣಿಸುತ್ತವೆ. ತಿಳಿಯದುದನ್ನು ಮುಟ್ಟದಿರುವುದೂ ಒಂದು ವಿದ್ಯೆ.

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತು. ಅಂಥ ವಾಲ್ವು ಈಗ ಹಳೆಯ ಅಂಗಡಿಗಳ ಮೂಲೆಯಲ್ಲಿ ಸಿಕ್ಕರೆ ಅದೃಷ್ಟ. ಕಂಡೆನ್ಸರುಗಳನ್ನಂತೂ ಹೊಸವೇ ಹಾಕಬೇಕು. ಹಳೆಯ ಕೊಳವೆಯ ತಿರುಳು ತೆಗೆದು ಹೊಸದನ್ನು ಅದರೊಳಗೆ ಅಡಗಿಸುತ್ತೇನೆ. ಆದರೆ ಏನನ್ನು ಎಂದು ಬದಲಿಸಿದೆನೆಂಬ ಚೀಟಿಯನ್ನು ಪೆಟ್ಟಿಗೆಯ ಒಳಗೋಡೆಗೆ ಅಂಟಿಸದೆ ಬಿಡುವುದಿಲ್ಲ. ಮುಂದೆ ಬಿಚ್ಚುವವನಿಗೆ ನಾನು ಸುಳ್ಳಾಡಿದಂತಾಗಬಾರದು.

ಆಲಮಟ್ಟಿಯ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಮುಂದೆ ಕೃಷ್ಣೆಯ ಹಿನ್ನೀರು ಏರಿದಂತೆ ನಮ್ಮ ಸುತ್ತಿನ ಎಷ್ಟೋ ಊರುಗಳು ಎದ್ದು ಬೇರೆಡೆ ಕುಳಿತವು. ಅಂಥ ಊರಿನ ವೃದ್ಧರೊಬ್ಬರು ಒಂದು ದಿನ ಗೋಣಿಚೀಲದಲ್ಲಿ ಸುತ್ತಿದ ಸೆಟ್ಟನ್ನು ಹೊತ್ತು ತಂದರು. ಬಾಗಿಲು ತೊಲೆಗಳೊಡನೆ ಚಕ್ಕಡಿಯಲ್ಲಿ ಬಂದ ಸಾಮಾನದು. "ಹೊಸಾದು ಮಾಡಬ್ಯಾಡ್ರಿ ಮಾಸ್ತರ, ಮೊದಲಿನ್ಹಂಗ ಮಾತಾಡಿದ್ರ ಸಾಕು" ಎಂದರು. ಎರಡು ತಿಂಗಳು ಹಿಡಿಯಿತು. ಇಲಿ ಕಡಿದ ಸ್ಪೀಕರಿನ ಕಾಗದಕ್ಕೆ ತೇಪೆ ಹಾಕಿದೆ; ಮುಳ್ಳನ್ನು ಎಳೆಯುವ ದಾರವನ್ನು ಮೂರು ಬಾರಿ ಸುತ್ತಿದೆ. ಗಾಜನ್ನು ಮಾತ್ರ ಮುಟ್ಟಲಿಲ್ಲ.

ಅವರ ಎದುರಿಗೇ ಸ್ವಿಚ್ಚು ತಿರುವಿದೆ. ವಾಲ್ವು ಕಾಯಲು ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ಇಬ್ಬರೂ ಮಾತನಾಡಲಿಲ್ಲ. ಮೊದಲು ಡಯಲು ಹಳದಿಯಾಗಿ ಬೆಳಗಿತು, ಬಳಿಕ ಸಣ್ಣ ಗುಂಯ್‌ಗಾಟ, ಆ ಮೇಲೆ ಮನುಷ್ಯನ ದನಿ. ಅವರು ಗಾಜಿನ ಮೇಲಿನ ಹೆಸರುಗಳ ಮೇಲೆ ಬೆರಳಾಡಿಸುತ್ತ, "ನಮ್ಮೂರ ಹೆಸರು ಇದರಾಗ ಎಂದೂ ಇರಲಿಲ್ಲ ಬಿಡ್ರಿ. ಖರೆ, ಇದು ನಮ್ಮೂರಾಗ ಇತ್ತು" ಎಂದರು.

ದೇಶದ ಅನೇಕ ಮಧ್ಯಮ ತರಂಗದ ಪ್ರೇಷಕಗಳು ಈಚೆಗೆ ಮುಚ್ಚಿವೆ; ನಾನು ಬದುಕಿಸಿದ ಪೆಟ್ಟಿಗೆಗಳಿಗೆ ಕೇಳಲು ಏನು ಉಳಿದೀತೆಂಬ ಚಿಂತೆ ನನಗೂ ಇದೆ. ಆದರೂ ನಿಮ್ಮ ಅಟ್ಟದಲ್ಲಿ ಇಂಥದೊಂದು ಇದ್ದರೆ ಎರಡು ವಿನಂತಿಗಳಿವೆ: ಅವಸರದಲ್ಲಿ ಪ್ಲಗ್ಗಿಗೆ ಚುಚ್ಚಬೇಡಿರಿ, ಒದ್ದೆ ಬಟ್ಟೆಯಿಂದ ಗಾಜು ಒರೆಸಬೇಡಿರಿ. ಉಳಿದುದನ್ನು ನಿಧಾನವಾಗಿ ನೋಡಿಕೊಳ್ಳಬಹುದು.